ಚಿಕ್ಕಪ್ಪ ಹಾಕಿದ ವಿಡಿಯೋ

ಇದು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಕಳೆದ ಜುಲೈನಲ್ಲಿ ನಡೆದ ಮಾತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರಿನ ಬದಲು ಅವರು ನನಗೆ ಏನಾಗಬೇಕು ಅನ್ನುವುದನ್ನು ಬರೆದಿದ್ದೇನೆ. ಚಿಕ್ಕಪ್ಪ ಮದ್ದೂರಿನ ಹತ್ತಿರ ನಮ್ಮ ಊರಿನಲ್ಲೇ ಇದ್ದಾರೆ, ಬೇಸಾಯ. ದೊಡ್ಡಪ್ಪ ಮೈಸೂರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ತಮ್ಮ ಅಂದರೆ ಚಿಕ್ಕಪ್ಪನ ಮಗ. ಆಗ ಅವನ ಸಿಇಟಿ ಮಾಕ್ ಅಲಾಟ್‌ಮೆಂಟ್ ಬಂದಿತ್ತು, ಅಂದರೆ ಯಾವ ಕಾಲೇಜು ಸಿಗಬಹುದು ಅಂತ ಮೊದಲೇ ತೋರಿಸುವ ತಾತ್ಕಾಲಿಕ ಪಟ್ಟಿ. ಆಪ್ಷನ್, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ, ಬದಲಾಯಿಸಲು ಇನ್ನೊಂದೇ ದಿನ ಇತ್ತು. ಅವನಿಗೆ ತೋರಿಸಿದ್ದು ನಾನು ಓದುತ್ತಿರುವ ಮೈಸೂರಿನ ಕಾಲೇಜನ್ನೇ.

ಚಿಕ್ಕಪ್ಪ, ರಾತ್ರಿ 8.12
(ವಿಡಿಯೋ)
ಎಲ್ಲರೂ ನೋಡಿ. ಕೆಳಗೆ ಕಾಲೇಜಿನ ಹೆಸರೂ ಇದೆ. ಹಾಸ್ಟೆಲ್ ಊಟ ತಿಂದು ಇನ್ನೂರು ಹೆಣ್ಣುಮಕ್ಕಳು ಆಸ್ಪತ್ರೆ ಸೇರಿದ್ದಾರೆ. ಇಂಥ ಕಡೆ ನನ್ನ ಮಗನನ್ನು ಕಳಿಸುವುದಿಲ್ಲ. ಬೆಳಗ್ಗೆಯೇ ಸೈಬರ್ ಸೆಂಟರ್‌ಗೆ ಹೋಗಿ ಆ ಆಪ್ಷನ್ ತೆಗೆಸುತ್ತೇನೆ.

ಅತ್ತೆ, 8.14
ಅಯ್ಯೋ ದೇವರೇ. ಪುಟ್ಟೀ, ನೀನು ಚೆನ್ನಾಗಿದ್ದೀಯ ತಾನೆ? ಮೊದಲು ಫೋನ್ ಮಾಡು.

ಮಾವ, 8.15
ಟಿವಿಯಲ್ಲೇ ಬಂದಿದೆ ಅಂದಮೇಲೆ ಸುಳ್ಳಿರಲಾರದು.

ನಾನು, 8.19
ಅತ್ತೆ, ನಾನು ಚೆನ್ನಾಗಿದ್ದೇನೆ. ಇದು ಇವತ್ತಿನದಲ್ಲ, ಮಾರ್ಚ್‌ನದು. ಆಗ ಟಿವಿಯಲ್ಲಿ 'ಮೈಸೂರಿನ ಪ್ರತಿಷ್ಠಿತ ಕಾಲೇಜು' ಅಂತ ಮಾತ್ರ ಹೇಳಿದ್ದರು. ಹೆಸರನ್ನು ಯಾರೋ ಈಗ ಸೇರಿಸಿದ್ದಾರೆ. ಚಿಕ್ಕಪ್ಪ, ದಯವಿಟ್ಟು ಇವತ್ತು ರಾತ್ರಿ ಒಂದು ಮಾತು ಕೇಳಿ. ಆಮೇಲೆ ನಿಮ್ಮಿಷ್ಟ.

ಚಿಕ್ಕಪ್ಪ, 8.21
ಮಾರ್ಚ್ ಆದರೇನು? ನಡೆದದ್ದು ನಿಜ ತಾನೆ? ಮತ್ತೆ ನೀನು ಇಷ್ಟು ದಿನ ಯಾಕೆ ಹೇಳಲಿಲ್ಲ?

ಅಮ್ಮನಿಗೆ ಮಾತ್ರ ಹೇಳಿದ್ದೆ. ಅಜ್ಜಿ ಹೆದರುತ್ತಾರೆ ಅಂತ ಊರಿಗೆ ತಿಳಿಸಿರಲಿಲ್ಲ. ಅದು ತಪ್ಪು ಅಂತ ಈಗ ಅನಿಸುತ್ತದೆ. ನಾವು ಹೇಳದೆ ಬಿಟ್ಟ ಜಾಗವನ್ನು ವಿಡಿಯೋ ತುಂಬಿತು.

ನಾನು, 8.34
ನಡೆದದ್ದು ಹೀಗೆ. ಅವತ್ತು ಬುಧವಾರ. ರಾತ್ರಿ ಒಂದೂವರೆಗೆ ನನ್ನ ಪಕ್ಕದ ಮಂಚದ ಹುಡುಗಿ ಎದ್ದು ಬಾತ್‌ರೂಮಿಗೆ ಓಡಿದಳು. ಬಾಗಿಲು ತಲುಪುವ ಮೊದಲೇ ವಾಂತಿಯಾಯಿತು. ನಾನು ಬಕೆಟ್ ತರಲು ಹೊರಗೆ ಬಂದೆ. ಕಾರಿಡಾರಿನಲ್ಲಿ ಆಗಲೇ ಮೂವರು ಗೋಡೆಗೆ ಒರಗಿ ಕೂತಿದ್ದರು. ಒಂದು ಜಗ್ ನೀರಿಗೆ ಉಪ್ಪು, ಸಕ್ಕರೆ ಕಲಸಿಕೊಂಡು ನಾವು ನಾಲ್ಕು ಜನ ರೂಮಿಂದ ರೂಮಿಗೆ ಓಡಾಡಿದೆವು. ಕೊನೆಗೆ ನೋಡಿದರೆ ಆ ನೀರೇ ಕೆಟ್ಟಿತ್ತು. ಅದು ಗೊತ್ತಾದಾಗ ಆದ ಸಂಕಟ ಇನ್ನೂ ಹೋಗಿಲ್ಲ.

ವಾರ್ಡನ್ ಕಾರಿನಲ್ಲಿ, ಎರಡು ಆಟೋದಲ್ಲಿ ಆಸ್ಪತ್ರೆಗೆ ಹೋದವರು 17 ಜನ. 15 ಜನ ಅವತ್ತು ಸಂಜೆಯೇ ವಾಪಸ್ ಬಂದರು. ಇಬ್ಬರು ಮೂರನೇ ದಿನ ಬಂದರು. ಈ ಸಂಖ್ಯೆ ನನಗೆ ಹೇಗೆ ಗೊತ್ತು ಅಂದರೆ, ಪಟ್ಟಿ ಬರೆದವಳು ನಾನೇ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಈಗ ವಿಡಿಯೋ ಮತ್ತೆ ನೋಡಿ. ಅದರಲ್ಲಿ ಕಾಣುವ ಕಾರಿಡಾರ್ ನಮ್ಮದಲ್ಲ. ಅಲ್ಲಿ ಗೋಡೆಗೆ ಹಸಿರು ಟೈಲ್ಸ್ ಇದೆ. ನಮ್ಮಲ್ಲಿ ಸೊಂಟದವರೆಗೆ ನೀಲಿ ಬಣ್ಣ, ಅದರ ಮೇಲೆ ಸುಣ್ಣ. ಆಂಬುಲೆನ್ಸ್ ನಮ್ಮ ಗೇಟಿಗೆ ಬರಲೇ ಇಲ್ಲ.

ಮಾವ, 8.37
ಸರಿ, 17. ಆದರೂ ಮಕ್ಕಳಿಗೆ ಕೆಟ್ಟ ನೀರು ಕುಡಿಸಿದ ಕಾಲೇಜು ಅಲ್ವಾ? ಅದರ ಪರ ಯಾಕೆ ಮಾತಾಡುತ್ತೀಯ?

ನಾನು, 8.45
ಪರ ಮಾತಾಡುತ್ತಿಲ್ಲ ಮಾವ. ಸಂಪ್ ತೊಳೆಸಿ ಎಷ್ಟು ತಿಂಗಳಾಯಿತು ಅಂತ ಮೊದಲು ಕೇಳಿದ್ದೇ ನಾವು. ಮುಚ್ಚಳ ಎತ್ತಿಸಿ ನೋಡಿದಾಗ ಅಡಿಯಲ್ಲಿ ಬೆರಳುದ್ದ ಕೆಸರಿತ್ತು. ಫೋಟೋ ತೆಗೆದು, 17 ಜನರ ಪಟ್ಟಿ ಇಟ್ಟು, ಪತ್ರ ಬರೆದೆವು. ಅದೇ ಸಂಜೆ ಟಿವಿಯಲ್ಲಿ 'ಇನ್ನೂರಕ್ಕೂ ಹೆಚ್ಚು' ಅಂತ ಬಂತು.

ಮಾರನೇ ದಿನ ಮೀಟಿಂಗ್‌ನಲ್ಲಿ ಆಡಳಿತದವರು ಸಂಪ್ ವಿಷಯವನ್ನೇ ಎತ್ತಲಿಲ್ಲ. 'ಇನ್ನೂರು ಜನ ಎಲ್ಲಿದ್ದಾರೆ, ತೋರಿಸಿ. ಕಾಲೇಜಿನ ಹೆಸರು ಕೆಡಿಸಲು ಯಾರೋ ಕಟ್ಟಿದ ಕಥೆ' ಅಂದರು. ನಮ್ಮ ಪಟ್ಟಿಯನ್ನು ಮಡಚಿ ಫೈಲಿನಲ್ಲಿಟ್ಟರು. ಇನ್ನೂರು ಸುಳ್ಳಾದಾಗ ಅದರ ಜೊತೆ ನಮ್ಮ ಹದಿನೇಳೂ ಸುಳ್ಳಾಯಿತು.

ಟಿವಿಯವರು ನಮಗೆ ಸಹಾಯ ಮಾಡಿದರು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ತಪ್ಪು ಮಾಡಿದವರಿಗೆ ಜಾರಿಕೊಳ್ಳಲು ದಾರಿ ಸಿಕ್ಕಿದ್ದೇ ಆ ಸುದ್ದಿಯಿಂದ. ಹದಿನೇಳು ಅಂತಲೇ ಹೇಳಿದ್ದರೆ ಸಾಕಿತ್ತು. ಹದಿನೇಳು ಮಕ್ಕಳು ಕಮ್ಮಿಯಾ?

ಸಂಪ್ ತೊಳೆಸಲು ಮತ್ತೆ ಮೂರು ವಾರ ಹಿಡಿಯಿತು.

ಅಕ್ಕ, 8.47
ಇದು ನನಗೂ ಗೊತ್ತಿರಲಿಲ್ಲ ಕಣೇ.

ಚಿಕ್ಕಪ್ಪ, 8.52
ಸರಿ ಪುಟ್ಟಿ, ಒಪ್ಪಿದೆ. ಆದರೂ ಇದಕ್ಕಿಂತ ಒಳ್ಳೆಯ ಕಾಲೇಜು ಇರುವಾಗ ಇದೇ ಯಾಕೆ? ಇದನ್ನು ನೋಡು.
(ಫೋಟೋ)
ಹೈವೇ ಪಕ್ಕ ಹಾಕಿದ್ದಾರೆ. 1 ಕೋಟಿ ಪ್ಯಾಕೇಜ್, 100 ಪರ್ಸೆಂಟ್ ಪ್ಲೇಸ್‌ಮೆಂಟ್. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಕೊಡುತ್ತಾರಂತೆ. ಕಬ್ಬಿನ ದುಡ್ಡು ಇದೆ, ಸಾಲದ್ದಕ್ಕೆ ಸಾಲ ಮಾಡುತ್ತೇನೆ.

ತಮ್ಮ, 8.53
ಅಪ್ಪ, ಬೇಡ.

ಅವನು ಅಷ್ಟು ಹೊತ್ತು ಎಲ್ಲವನ್ನೂ ಓದುತ್ತಿದ್ದ. ಇದೊಂದೇ ಮಾತು ಬರೆದ. ಅವನ ರ‍್ಯಾಂಕ್ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ಬಂದದ್ದು. ಎರಡು ವರ್ಷ ಬೆಳಗ್ಗೆ ಆರರ ಬಸ್ಸು ಹಿಡಿದು ಓದಿದವನು. ಅವನ ರ‍್ಯಾಂಕಿಗೆ ಸರ್ಕಾರಿ ಕೋಟಾದಲ್ಲೇ ಸೀಟು ಸಿಗುತ್ತಿತ್ತು.

ದೊಡ್ಡಪ್ಪ, 9.01
ತಮ್ಮಯ್ಯ, ನಿಮ್ಮೂರಿನ ಡೇರಿಯ ಲೆಕ್ಕದಲ್ಲೇ ಹೇಳುತ್ತೇನೆ. ಹತ್ತು ಮನೆಯವರು ಹಾಲು ಹಾಕುತ್ತಾರೆ ಅಂತ ಇಟ್ಟುಕೋ. ಒಂಬತ್ತು ಮನೆ 4 ಲೀಟರ್. ಒಂದು ಮನೆ 60 ಲೀಟರ್. ಸರಾಸರಿ 9.6 ಲೀಟರ್ ಬರುತ್ತದೆ. ಅಷ್ಟು ಹಾಲು ಹಾಕುವ ಮನೆ ಒಂದಾದರೂ ಇದೆಯಾ? ಹತ್ತನ್ನೂ ಸಾಲಾಗಿ ನಿಲ್ಲಿಸಿ ನಡುವೆ ಇರುವುದನ್ನು ನೋಡಬೇಕು, ಅದು ಮಧ್ಯಾಂಕ. ಇಲ್ಲಿ 4 ಲೀಟರ್. ನಿನ್ನ ಬೋರ್ಡಿನಲ್ಲಿರುವ ಕೋಟಿ ಆ 60 ಲೀಟರಿನ ಮನೆ.

ಚಿಕ್ಕಪ್ಪ, 9.03
ನಡುವಿನದು ಎಷ್ಟು ಅಂತ ಎಲ್ಲಿ ಸಿಗುತ್ತದೆ ಅಣ್ಣ? ಬೋರ್ಡಿನಲ್ಲಿ ಹಾಕಿಲ್ಲ.

ನಾನು, 9.12
ಸಿಗುತ್ತದೆ ಚಿಕ್ಕಪ್ಪ. ಕೇಂದ್ರ ಶಿಕ್ಷಣ ಸಚಿವಾಲಯ 2016ರಿಂದ ಎನ್‌ಐಆರ್‌ಎಫ್ ಅಂತ ಕಾಲೇಜುಗಳ ರ‍್ಯಾಂಕ್ ಪಟ್ಟಿ ಕೊಡುತ್ತಿದೆ. ಅದಕ್ಕೆ ಅರ್ಜಿ ಹಾಕುವ ಕಾಲೇಜು ತನ್ನ ಲೆಕ್ಕವನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ಸಮಯಕ್ಕೆ ಸರಿಯಾಗಿ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಸಂಬಳದ ಮಧ್ಯಾಂಕ ಎಷ್ಟು, ಎಲ್ಲವೂ ಒಂದೇ ಕಡೆ ಇರುತ್ತದೆ. ಕಾಲೇಜೇ ಕೊಟ್ಟ ಲೆಕ್ಕ ಅದು, ಹಾಗಾಗಿ ಅದನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಬೋರ್ಡಿಗಿಂತ ಜಾಸ್ತಿ ಹೇಳುತ್ತದೆ.

ಪ್ಯಾಕೇಜ್ ಅನ್ನುವುದು ಸಂಬಳವೂ ಅಲ್ಲ. ನಮ್ಮ ಸೀನಿಯರ್ ಒಬ್ಬರದು 12 ಲಕ್ಷ ಅಂತ ಫ್ಲೆಕ್ಸ್ ಕಟ್ಟಿದ್ದರು. ಅವರನ್ನೇ ಕೇಳಿದೆ. ವರ್ಷದ ಸಂಬಳ ಏಳೂವರೆ ಲಕ್ಷ. ಸೇರುವಾಗ ಒಂದೇ ಸಲ ಕೊಡುವ ಬೋನಸ್ ಒಂದೂವರೆ. ಕಂಪನಿಯ ಷೇರು ಎರಡು ಲಕ್ಷ, ಅದೂ ವರ್ಷ ಕಳೆದ ಹಾಗೆ ಸ್ವಲ್ಪ ಸ್ವಲ್ಪ. ಪಿಎಫ್, ಗ್ರಾಚುಟಿ, ವಿಮೆ ಎಲ್ಲ ಸೇರಿ ಒಂದು. ಕೈಗೆ ಬರುವುದು ತಿಂಗಳಿಗೆ ಸುಮಾರು 57 ಸಾವಿರ. ಒಳ್ಳೆಯ ಸಂಬಳವೇ. ಆದರೆ 12 ಲಕ್ಷ ಅಂತ ನಂಬಿ ಸಾಲ ಮಾಡಿದವರು ಕಂತು ಕಟ್ಟುವಾಗ ಏನು ಮಾಡಬೇಕು?

ಅಕ್ಕ, 9.16
ಕೋಚಿಂಗ್ ಸೆಂಟರ್‌ಗಳದ್ದೂ ಇದೇ ಕಥೆ. ಪಾಸಾದವರ ಫೋಟೋ ಹಾಕಿ ನಮ್ಮವರು ಅನ್ನುವುದು. ಎಷ್ಟೋ ಜನ ಅಲ್ಲಿ ಬರೀ ಸಂದರ್ಶನದ ಉಚಿತ ತರಬೇತಿಗೆ ಹೋಗಿರುತ್ತಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥವರಿಗೆ ದಂಡ ಹಾಕಿದೆ. 2024ರ ನವೆಂಬರ್‌ನಲ್ಲಿ ಮಾರ್ಗಸೂಚಿಯನ್ನೂ ತಂದಿತು. ಫೋಟೋ ಹಾಕಿದರೆ ಆ ಹುಡುಗ ಯಾವ ಕೋರ್ಸ್ ತಗೊಂಡಿದ್ದ, ದುಡ್ಡು ಕೊಟ್ಟಿದ್ದನಾ ಅಂತಲೂ ಹೇಳಬೇಕು.

ನಾನು, 9.21
ಚಿಕ್ಕಪ್ಪ, ನೀವು ಬೇರೆ ಕಡೆ ಹೀಗೆ ನಂಬುವವರಲ್ಲ. ಪ್ರತಿ ಮಳೆಗಾಲದಲ್ಲೂ 'ಕಟ್ಟೆ ತುಂಬಿತು' ಅಂತ ಹಳೆಯ ವಿಡಿಯೋ ಬರುತ್ತದೆ ಅಲ್ವಾ? ಅದನ್ನು ನೋಡಿ ನೀವು ಭತ್ತದ ಸಸಿಗೆ ಒಟ್ಲು ಹಾಕುತ್ತೀರಾ? ಕೆಆರ್‌ಎಸ್ 124.80 ಅಡಿಯಲ್ಲಿ ಇವತ್ತು ಎಷ್ಟಿದೆ, ಒಳಹರಿವು ಎಷ್ಟು, ವಿ.ಸಿ. ನಾಲೆಗೆ ಯಾವಾಗ ಬಿಡುತ್ತಾರೆ ಅಂತ ಕೇಳಿಯೇ ಗದ್ದೆಗೆ ಇಳಿಯುತ್ತೀರಿ. ಅಷ್ಟನ್ನೇ ಇಲ್ಲಿಯೂ ಮಾಡಿ ಅಂತ ಕೇಳುತ್ತಿದ್ದೇನೆ.

ಚಿಕ್ಕಪ್ಪ, 9.24
ಆಯಿತು. ಆದರೆ ಒಂದು ವಿಡಿಯೋಗೆ ಇಷ್ಟು ಯಾಕೆ ಬೇಜಾರು ಮಾಡಿಕೊಳ್ಳುತ್ತೀಯ? ಜನ ನೋಡುತ್ತಾರೆ, ಏನೋ ಬರೆಯುತ್ತಾರೆ, ಮರೆಯುತ್ತಾರೆ.

ಈ ಮಾತಿಗೆ ಏನು ಬರೆಯುವುದು ಅಂತ ತುಂಬಾ ಹೊತ್ತು ಯೋಚಿಸಿದೆ. ಎರಡು ಸಲ ಬರೆದು ಅಳಿಸಿದೆ. ಅಮ್ಮ ಬೇರೆಯಾಗಿ ಮೆಸೇಜ್ ಮಾಡಿ, 'ಹೆಸರು ಮಾತ್ರ ಹೇಳಬೇಡ' ಅಂದರು. ನನಗೂ ಹೇಳುವ ಮನಸ್ಸಿರಲಿಲ್ಲ.

ನಾನು, 9.40
ಮರೆಯುವುದು ಬರೆದವರು, ಚಿಕ್ಕಪ್ಪ. ನನ್ನ ಪಕ್ಕದ ಮಂಚದ ಹುಡುಗಿ ಕೆ.ಆರ್. ಪೇಟೆ ಕಡೆಯವಳು. ಅವಳ ಅಪ್ಪನೂ ರೈತರು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಅವಳು ಆ ವಿಡಿಯೋ ಕೆಳಗಿನ ಕಮೆಂಟ್ ಒಂದೊಂದನ್ನೇ ಓದುತ್ತಿದ್ದಳು. ಫೋನ್ ಕಿತ್ತುಕೊಂಡರೂ ಕೊಡಲಿಲ್ಲ. ಒಂದು ಕಮೆಂಟ್ ಹೀಗಿತ್ತು: 'ಹೊರಗೆ ಸುತ್ತಿ ಪಾನಿಪೂರಿ ತಿಂದು ಬಂದು ಮೆಸ್ ಮೇಲೆ ಹಾಕುತ್ತಾರೆ. ಇವರಿಗೆಲ್ಲ ಹಾಸ್ಟೆಲ್ ಯಾಕೆ, ಮನೆಯಲ್ಲಿ ಕೂರಿಸಿ.'

ಅದನ್ನು ಊರಲ್ಲಿ ಯಾರೋ ಅವಳ ಅಪ್ಪನಿಗೂ ತೋರಿಸಿದ್ದರು. ಸಂಜೆ ಅವರು ಫೋನ್ ಮಾಡಿದರು. ಹೇಗಿದ್ದೀಯ ಅಂತ ಕೇಳಲಿಲ್ಲ. 'ಎಲ್ಲಿಗೆ ಹೋಗಿದ್ದೆ?' ಅಂದರು. ಸ್ಪೀಕರ್ ಹಾಕಿತ್ತು, ನನಗೂ ಕೇಳಿಸಿತು. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ಬರೆದವರು ಯಾರು ಅಂತ ಹೇಳುವುದಿಲ್ಲ. ಕೆಟ್ಟವರಲ್ಲ ಅಂತ ನನಗೆ ಗೊತ್ತು.

ಆಮೇಲೆ ಇಪ್ಪತ್ತು ನಿಮಿಷ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. 'ಚಿಕ್ಕಪ್ಪ ಬರೆಯುತ್ತಿದ್ದಾರೆ' ಅಂತ ಮೇಲೆ ಬರುತ್ತಿತ್ತು, ಹೋಗುತ್ತಿತ್ತು.

ಚಿಕ್ಕಪ್ಪ, 10.03
ಅದು ನಾನೇ ಬರೆದದ್ದು.

ಚಿಕ್ಕಪ್ಪ, 10.05
ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕೂತಿದ್ದೆ. ಎಲ್ಲರೂ ಬರೆಯುತ್ತಿದ್ದರು, ನಾನೂ ಬರೆದೆ. ನಿಮ್ಮ ಕಾಲೇಜು ಅಂತ ಗೊತ್ತಿರಲಿಲ್ಲ ಪುಟ್ಟಿ. ನೀನು ಅಲ್ಲಿದ್ದೀಯ ಅಂತ ಗೊತ್ತಿದ್ದರೆ ಬರೆಯುತ್ತಿರಲಿಲ್ಲ.

ನಾನು, 10.08
ಗೊತ್ತು ಚಿಕ್ಕಪ್ಪ. ಆದರೆ ನಾನು ಅಲ್ಲಿ ಇಲ್ಲದಿದ್ದರೂ ಯಾರದೋ ಮನೆಯ ಮಗಳು ಇರುತ್ತಿದ್ದಳಲ್ವಾ.

ಅಜ್ಜಿ, 10.15
(ಧ್ವನಿ ಸಂದೇಶ)
ಮಗಾ, ಆ ಹುಡುಗಿ ಈಗ ಉಣ್ಣುತ್ತಾಳಾ? ಮುಂದಿನ ಸಲ ಬರುವಾಗ ಅವಳನ್ನೂ ಕರೆದುಕೊಂಡು ಬಾ.

ಚಿಕ್ಕಪ್ಪ, 10.31
ಕಮೆಂಟ್ ತೆಗೆದೆ. ಆಪ್ಷನ್ ತೆಗೆಸುವುದಿಲ್ಲ, ಹಾಗೇ ಇರಲಿ. ಮೊದಲ ಸುತ್ತಿನ ಫಲಿತಾಂಶ ಬಂದಮೇಲೆ ಏನು ಮಾಡಬೇಕು?

ತಮ್ಮ, 10.33
ನಾಲ್ಕು ಚಾಯ್ಸ್ ಇರುತ್ತದೆ ಅಪ್ಪ. ಸೀಟು ಇಷ್ಟವಾದರೆ ಒಂದು, ಫೀಸ್ ಕಟ್ಟಿ ಸೇರುವುದು. ಇದನ್ನು ಇಟ್ಟುಕೊಂಡೇ ಪಟ್ಟಿಯಲ್ಲಿ ಮೇಲಿರುವುದಕ್ಕೆ ಕಾಯುವುದು ಎರಡು. ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರು. ಪೂರ್ತಿ ಹೊರಗೆ ಬರುವುದು ನಾಲ್ಕು. ಅಷ್ಟರಲ್ಲಿ ಒಂದು ಸಲ ಕಾಲೇಜು ನೋಡಿಕೊಂಡು ಬರೋಣ. ಪುಟ್ಟಕ್ಕ, ಸಂಪ್ ತೋರಿಸುತ್ತೀಯಾ?

ನಾನು, 10.34
ಸಂಪ್, ಲ್ಯಾಬ್, ಮೆಸ್ ಎಲ್ಲ ತೋರಿಸುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೇ ಬನ್ನಿ. ಮೊದಲ ವರ್ಷದ ಹುಡುಗರ ಜೊತೆ ಕೂರಿಸುತ್ತೇನೆ. ನಾವು ಯಾರೂ ಪಕ್ಕದಲ್ಲಿ ಇರುವುದಿಲ್ಲ, ಏನು ಬೇಕಾದರೂ ಕೇಳಿಕೋ.

ಚಿಕ್ಕಪ್ಪ, 10.40
ಭಾನುವಾರ ಬರುತ್ತೇವೆ. ಪುಟ್ಟಿ, ಆ ಕೆ.ಆರ್. ಪೇಟೆಯವರ ನಂಬರ್ ಸಿಗುತ್ತದಾ? ನಾನೇ ಮಾತಾಡಬೇಕು.

ನಾನು, 10.41
ಅವಳನ್ನು ಕೇಳಿ ಹೇಳುತ್ತೇನೆ ಚಿಕ್ಕಪ್ಪ.