ಕಾಂಬೋಡಿಯಾಕ್ಕೆ ಹೋಗ್ಲಿಕ್ಕೆ ಉಂಟು, ಎಂತೆಲ್ಲ ನೋಡ್ಬಹುದು?

ಕಡಿಯಾಳಿ_ಉಡುಪಿ

ಎಲ್ರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಅಪ್ಪ ಅಮ್ಮನನ್ನು ಕರ್ಕೊಂಡು ಕಾಂಬೋಡಿಯಾಕ್ಕೆ ಹೋಗುವ ಅಂತ ಉಂಟು. ಅಪ್ಪನಿಗೆ ಯಕ್ಷಗಾನ ಅಂದ್ರೆ ಪ್ರಾಣ, ಈಗಲೂ ಬೆಳಗಿನ ತನಕ ಕೂತು ಆಟ ನೋಡ್ತಾರೆ, ಅಮ್ಮನಿಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಆಗುದಿಲ್ಲ. ಟೂರಿನವರು ಒಂದೇ ದಿನದಲ್ಲಿ ಏಳೆಂಟು ದೇವಸ್ಥಾನ ತೋರಿಸ್ತೇವೆ ಅಂತಾರೆ, ಹಾಗೆ ಓಡಿ ಓಡಿ ನೋಡಿದ್ರೆ ಎಂತ ಸಿಗ್ತದೆ ಅಂತ ನಂಗೆ ಅನುಮಾನ. ಪ್ರಕೃತಿ ನೋಡ್ಲಿಕ್ಕೆ ಏನಾದ್ರೂ ಉಂಟಾ? ಮತ್ತೆ ನಾವು ಸಸ್ಯಾಹಾರಿಗಳು, ಊಟಕ್ಕೆ ಕಷ್ಟ ಆಗ್ತದಾ? ಹೋಗಿ ಬಂದವರು ಹೇಳಿ ಪ್ಲೀಸ್.

ಮುರಕಲ್ಲು

ಏಳೆಂಟು ಖಂಡಿತ ಬೇಡ ಮಾರಾಯ್ರೆ. ಅಂಗ್ಕೋರ್ ವಾಟ್ ಒಂದಕ್ಕೇ ಅರ್ಧ ದಿನ ಇಡಿ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗೆ ಕಟ್ಟಿಸಿದ್ದು, ಮುಖ ಪಶ್ಚಿಮಕ್ಕೆ, ಹಾಗಾಗಿ ಸೂರ್ಯ ಹುಟ್ಟುದು ಗೋಪುರಗಳ ಹಿಂದಿನಿಂದ, ಅದರ ಫೋಟೋಕ್ಕೆ ಅಂತ ಇಡೀ ಜನ ಎದುರಿನ ಕೊಳದ ಹತ್ರ ಮುತ್ತಿಕೊಂಡಿರ್ತಾರೆ. ನೀವು ಆ ಹೊತ್ತಿಗೆ ಸೀದಾ ಹಿಂದೆ ಪೂರ್ವದ ಮೊಗಸಾಲೆಗೆ ಹೋಗಿ, ಬೆಳಗ್ಗಿನ ಬೆಳಕೂ ಅಲ್ಲಿಗೇ ಬೀಳ್ತದೆ, ಜನವೂ ಕಮ್ಮಿ. ಅಲ್ಲಿ 49 ಮೀಟರ್ ಉದ್ದಕ್ಕೆ ಸಮುದ್ರಮಥನ ಕೆತ್ತಿದ್ದಾರೆ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಬುಡದಲ್ಲಿ ಕೂರ್ಮ. ಎಲ್ಲರೂ ಅದನ್ನು ನೋಡಿ ಮುಂದೆ ಹೋಗ್ತಾರೆ, ನೀವು ಬಗ್ಗಿ ಕೆಳಗಿನ ಪಟ್ಟಿ ನೋಡಿ. ಸಮುದ್ರದ ಮೀನು, ಮೊಸಳೆ ಎಲ್ಲ ಉಂಟು, ಕಡೆಗೋಲಿನ ಹತ್ರ ಬಂದ ಹಾಗೆ ಅವು ನೀರಿನ ಸೆಳೆತಕ್ಕೆ ಸಿಕ್ಕಿ ತುಂಡು ತುಂಡಾಗಿವೆ! ಕಡೆಯುವ ರಭಸವನ್ನು ಆ ಶಿಲ್ಪಿ ತೋರಿಸಿದ್ದು ಆ ಮೀನುಗಳಲ್ಲಿ. ಹಗ್ಗವಾದ ವಾಸುಕಿ ಹಾವಿನ ಬಾಲದ ತುದಿ ಹಿಡಿದವನು ಕಪಿ, ಹನುಮಂತ ಅಂತಾರೆ.

ಪಶ್ಚಿಮದ ಮೊಗಸಾಲೆ ಮಧ್ಯಾಹ್ನದ ನಂತರ ನೋಡಿ. ಒಳಗೆ ಹೋಗುವಾಗ ಬಲಗಡೆ ಕುರುಕ್ಷೇತ್ರ, ಶರಶಯ್ಯೆಯ ಭೀಷ್ಮ ಮೇಲೆ ಕಾಣ್ತಾರೆ, ಎಡಗಡೆ ಲಂಕೆಯ ಯುದ್ಧ, ರಾಮ ಹನುಮಂತನ ಹೆಗಲ ಮೇಲೆ ನಿಂತು ಬಾಣ ಬಿಡ್ತಾನೆ, ರಾವಣನಿಗೆ ಇಪ್ಪತ್ತು ಕೈ. ನಿಮ್ಮ ಅಪ್ಪನಿಗೆ ಗೈಡ್ ಬೇಕೇ ಇಲ್ಲ, ಅವರೇ ಪ್ರಸಂಗ ಹೇಳ್ತಾರೆ.

ಇನ್ನೊಂದು, ಹೊರಗಿಂದ ಕಾಣುದು ಮರಳುಗಲ್ಲು, ಕುಲೆನ್ ಬೆಟ್ಟದ ಬುಡದಿಂದ ತಂದದ್ದು. ಆದ್ರೆ ಅಡಿಪಾಯಕ್ಕೆ, ಹೊರಗೋಡೆಗೆ, ಗೋಡೆಯ ಒಳಮೈಗೆ ಬಳಸಿದ್ದು ನಮ್ಮ ಮನೆ ಕಟ್ಟುವ ಅದೇ ಮುರಕಲ್ಲು. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿಟ್ರೆ ಗಟ್ಟಿ. ಮರಳುಗಲ್ಲು ಬಿದ್ದುಹೋದ ಕಡೆ ಆ ತೂತು ತೂತು ಕೆಂಪು ಕಲ್ಲು ಕಾಣ್ತದೆ, ಒಮ್ಮೆ ಕೈ ಇಟ್ಟು ನೋಡಿ. ನಂಗಂತೂ ಆ ರಾಜರ ಗೋಪುರಕ್ಕಿಂತ ಅದೇ ಹೆಚ್ಚು ಹತ್ತಿರ ಅನ್ಸಿತು.

ಅಮ್ಮನಿಗೆ ಬಾಂತೆಯ್ ಸ್ರೇ ಬಿಡ್ಬೇಡಿ, 967ರ ಶಿವ ದೇವಸ್ಥಾನ, ಚಿಕ್ಕದು, ಸಮತಟ್ಟು ಜಾಗ, ಗುಲಾಬಿ ಬಣ್ಣದ ಕಲ್ಲಲ್ಲಿ ಮರದ ಕೆತ್ತನೆಯಷ್ಟು ಸೂಕ್ಷ್ಮ ಕೆಲಸ.

ಚೌಕಿಮನೆ

ಯಕ್ಷಗಾನದ ಮಾತು ಬಂದದ್ದಕ್ಕೆ ಹೇಳ್ತೇನೆ. ಅಲ್ಲಿ ಲಖೋನ್ ಖೋಲ್ ಅಂತ ಉಂಟು, ಗಂಡಸರು ಮಾತ್ರ ಮುಖವಾಡ ಹಾಕಿ ಕುಣಿಯುದು, ಅವರದ್ದೇ ರಾಮಾಯಣ ರೀಮ್‌ಕೇರ್‌ನ ಕಥೆ. ಕಥೆ ಹೇಳುವವರು ಬೇರೆಯೇ, ಪಕ್ಕದಲ್ಲಿ ವಾದ್ಯದವರು. ಅಲ್ಲಿ ಸೇತುವೆ ಕಟ್ಟುವಾಗ ರಾವಣನ ಮಗಳು ಸುವರ್ಣ ಮತ್ಸ್ಯ ಅಂತ ಮತ್ಸ್ಯಕನ್ಯೆ ಬಂದು ಕಲ್ಲು ಕದೀತಾಳೆ, ಹನುಮಂತನಿಗೂ ಅವಳಿಗೂ ಪ್ರೇಮ ಆಗ್ತದೆ. ಅಪ್ಪನಿಗೆ ಮೊದ್ಲೇ ಹೇಳಿಡಿ, ಇಲ್ಲಾಂದ್ರೆ ಅಲ್ಲೇ ಚರ್ಚೆ ಶುರುವಾಗ್ತದೆ.

ರಾಜಧಾನಿ ನಾಮ್ ಪೆನ್ ಹತ್ರ ವಾಟ್ ಸ್ವಾಯ್ ಆಂದೆತ್ ಊರಲ್ಲಿ ಇದನ್ನು ಆಡುದು ನೆಆಕ್ ತಾ ಅಂತ ಊರಿನ ದೈವಗಳಿಗೆ ಪ್ರೀತಿಯಾಗ್ಲಿ, ಊರು ಬೆಳೆ ಚೆನ್ನಾಗಿರ್ಲಿ ಅಂತ, ನಮ್ಮ ಹರಕೆ ಆಟ, ಕೋಲದ ನಂಬಿಕೆಯೇ ಅದು. 2018ರಲ್ಲಿ ಯುನೆಸ್ಕೋ ತುರ್ತಾಗಿ ಉಳಿಸ್ಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. 1975ರಿಂದ 79ರ ತನಕದ ಖ್ಮೇರ್ ರೂಜ್ ಅಂದ್ರೆ ಪೋಲ್ ಪಾಟ್‌ನ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ಕಲಾವಿದರಲ್ಲಿ ಹೆಚ್ಚಿನವರು ಸತ್ತೇ ಹೋದ್ರು. ಗುರುವಿನಿಂದ ಶಿಷ್ಯನಿಗೆ ಬರುವ ವಿದ್ಯೆ, ಗುರುವೇ ಇಲ್ಲದಿದ್ರೆ ಎಂತ ಮಾಡುದು, ಉಳಿದ ಕೆಲವರು ನೆನಪಿಂದಲೇ ಪುನಃ ಕಲಿಸಿದ್ದು. ಅದಕ್ಕೇ ಹೋಟೆಲಿನ ಡಿನ್ನರ್ ಶೋ ಆದ್ರೂ ಊಟದ ಕಡೆ ಗಮನ ಕೊಡದೆ ನೋಡಿ ಅಂತ ನನ್ನ ವಿನಂತಿ. ಸ್ವಾಯ್ ಆಂದೆತ್‌ನ ಆಟ ನಿಮಗೆ ಡಿಸೆಂಬರಲ್ಲಿ ಸಿಗ್ಲಿಕ್ಕಿಲ್ಲ, ಅದು ಅವರ ಹೊಸವರ್ಷ ಕಳೆದು, ಏಪ್ರಿಲ್ ನಂತರ.

ಮಲ್ಪೆ_ಬಂದರು

ಪ್ರಕೃತಿ ಕೇಳಿದ್ರಲ್ಲ, ತೊನ್ಲೆ ಸಾಪ್ ಸರೋವರ ನೋಡಿ. ಮಳೆಗಾಲದಲ್ಲಿ ಮೆಕಾಂಗ್ ನದಿ ಎಷ್ಟು ಏರ್ತದೆ ಅಂದ್ರೆ ಸರೋವರದಿಂದ ಹೊರಗೆ ಹರಿಯುವ ಹೊಳೆಯೇ ಹಿಂದೆ ತಿರುಗಿ ಒಳಗೆ ಹರೀತದೆ, ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇದ್ದದ್ದು 15,000ದ ಹತ್ರಕ್ಕೆ ಹೋಗ್ತದೆ, ಸುತ್ತಲಿನ ಕಾಡೆಲ್ಲ ನೀರೊಳಗೆ, ಮೀನು ಬಂದು ಮೊಟ್ಟೆ ಇಡುದು, ಮರಿ ಬೆಳೆಯುದು ಅದೇ ಮರಗಳ ಬುಡದಲ್ಲಿ. ನವೆಂಬರ್ ಹೊತ್ತಿಗೆ ಹೊಳೆ ಪುನಃ ಹೊರಗೆ ತಿರುಗ್ತದೆ, ಆಗ ನಾಮ್ ಪೆನ್‌ನಲ್ಲಿ ದೋಣಿ ಪಂದ್ಯದ ದೊಡ್ಡ ಹಬ್ಬ. ಡಿಸೆಂಬರಲ್ಲೂ ನೀರು ಸುಮಾರು ಇರ್ತದೆ. ಕಂಪೋಂಗ್ ಫ್ಲುಕ್‌ಗೆ ಹೋಗಿ, ಎತ್ತರದ ಕಂಬಗಳ ಮೇಲೆ ಮನೆಗಳು, ಕೆಳಗೆ ದೋಣಿ ಕಟ್ಟಿರ್ತಾರೆ. ಈಚೆಗೆ ಮೇಲಿನ ಅಣೆಕಟ್ಟುಗಳಿಂದ, ಮಳೆ ಕಮ್ಮಿಯಾಗಿ ಆ ನೆರೆಯೇ ಸರಿ ಬರುದಿಲ್ಲ, ಮೀನು ಕಮ್ಮಿ ಆಗಿದೆ. ಮೀನನ್ನೇ ನಂಬಿದವರ ಕಷ್ಟ ನಮಗೆ ಹೇಳ್ಬೇಕಾ.

ಊಟದ್ದು ಜಾಗ್ರತೆ. ತರಕಾರಿ ಅಂತ ಕೊಟ್ರೂ ಫಿಶ್ ಸಾಸ್ ಇಲ್ಲವೇ ಪ್ರಹೋಕ್ ಅಂತ ಹುದುಗಿಸಿದ ಮೀನು ಹಾಕಿರ್ತಾರೆ, ಬಿಡಿಸಿ ಬಿಡಿಸಿ ಕೇಳಿ. ಅಂಗ್ಕೋರ್ ಪಕ್ಕದ ಪೇಟೆ ಸಿಯೆಮ್ ರೀಪ್‌ನಲ್ಲಿ ಇಂಡಿಯನ್ ಹೋಟೆಲ್ ಸಿಗ್ತದೆ, ಆದ್ರೂ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ.

ಕಡಿಯಾಳಿ_ಉಡುಪಿ

ತುಂಬಾ ಥ್ಯಾಂಕ್ಸ್. ಮೀನು ತುಂಡಾದದ್ದು ಕೇಳಿ ಅಪ್ಪ ಈಗ್ಲೇ ಹೊರಡುವ ಅಂತಿದ್ದಾರೆ. ಅಂಗ್ಕೋರ್ ದೇವಸ್ಥಾನಗಳಿಗೆ ಪಾಸ್ ಯಾವುದು ತೆಗೊಳ್ಳುದು?

ಮುರಕಲ್ಲು

3 ದಿನದ್ದು, 62 ಡಾಲರ್. ಒಂದು ದಿನದ್ದಕ್ಕೇ 37 ಆಗ್ತದೆ. ಸಾಲಾಗಿ ಮೂರು ದಿನ ಹೋಗ್ಬೇಕಂತ ಇಲ್ಲ, 10 ದಿನದೊಳಗೆ ಯಾವಾಗ ಬೇಕಾದ್ರೂ ಆಗ್ತದೆ, ನಡುವೆ ಒಂದು ದಿನ ಅಮ್ಮನಿಗೆ ರೆಸ್ಟ್ ಕೊಟ್ಟು ಸರೋವರಕ್ಕೆ ಹೋಗಿ. ಅಂಗ್ಕೋರ್ ವಾಟ್‌ನ ತೀರಾ ಮೇಲಿನ ಅಂತಸ್ತಿಗೆ ಮೆಟ್ಟಿಲು ಕಡಿದಾಗಿದೆ, ಅಮ್ಮ ಕೆಳಗೇ ಇರ್ಲಿ, ಹತ್ತುವವರಿಗೆ ಹೆಗಲು, ಮಂಡಿ ಮುಚ್ಚುವ ಬಟ್ಟೆ ಬೇಕು. ಬೌದ್ಧರ ವ್ರತದ ದಿನಗಳಲ್ಲಿ ಆ ಅಂತಸ್ತು ಬಂದ್ ಇರ್ತದೆ, ತಾರೀಕು ನೋಡಿ ಟಿಕೆಟ್ ಮಾಡಿ.