ಅಪ್‌ಡೇಟ್: ಅಡಿಕೆ ಬೆಳೆಗಾರರ ಗುಂಪಿಗೆ ಎಕ್ಸ್‌ಎಂಪಿಪಿ

ಹೊಸನಗರ ಕಡೆಯ 40 ಅಡಿಕೆ ಬೆಳೆಗಾರರ ಗುಂಪಿಗೆ ವಾಟ್ಸಾಪ್ ಬದಲು ಯಾವುದು ಸರಿ ಎಂದು ಕೇಳಿದ್ದೆ. ಕೊನೆಗೆ ಎಕ್ಸ್‌ಎಂಪಿಪಿ ಎಂಬ ಮುಕ್ತ ಸಂದೇಶ ಪ್ರೋಟೋಕಾಲ್ (ಆ್ಯಪ್, ಸರ್ವರ್‌ಗಳು ಮಾತಾಡಿಕೊಳ್ಳುವ ನಿಯಮಾವಳಿ) ಆಯ್ಕೆಯಾಯಿತು: ಸರ್ವರ್‌ಗೆ (ಸಂದೇಶ ದಾಟಿಸುವ ಕಂಪ್ಯೂಟರಿಗೆ) ಪ್ರಾಸಡಿ ತಂತ್ರಾಂಶ, ಆಂಡ್ರಾಯ್ಡ್‌ಗೆ ಕಾನ್ವರ್ಸೇಶನ್ಸ್ (ಎಫ್-ಡ್ರಾಯ್ಡ್ ಎಂಬ ಆ್ಯಪ್ ಭಂಡಾರದಲ್ಲಿ ಉಚಿತ), ಐಫೋನಿಗೆ ಮೋನಲ್. 1999ರಲ್ಲಿ ಜಾಬರ್ ಹೆಸರಲ್ಲಿ ಹುಟ್ಟಿದ ಈ ಪ್ರೋಟೋಕಾಲ್ ಯಾವ ಕಂಪನಿಯ ಸ್ವತ್ತೂ ಅಲ್ಲ, ಫೋನ್ ನಂಬರೂ ಬೇಕಿಲ್ಲ. ನನಗೆ ಅದೇ ದೊಡ್ಡದು.

ಮನೆಯ ಫೈಬರ್‌ನಲ್ಲಿ ಸರ್ವರ್ ಇಡುವ ಯೋಚನೆ ಬಿಡಿ. ಸಿಜಿನ್ಯಾಟ್ (ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಹಿಂದಿನ ಸಂಪರ್ಕಕ್ಕೆ ಹೊರಗಿನಿಂದ ದಾರಿಯೇ ಇರಲ್ಲ; ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರಂತೂ ಮುಗಿಯಿತು. 1 ಜಿಬಿ ರ‍್ಯಾಮಿನ ಬಾಡಿಗೆ ವಿಪಿಎಸ್ (ಡೇಟಾ ಸೆಂಟರಿನ ವರ್ಚುವಲ್ ಸರ್ವರ್) ಧಾರಾಳ. ಫೈರ್‌ವಾಲಿನಲ್ಲಿ 5222, 5269, 5281 ಪೋರ್ಟ್‌ಗಳನ್ನು (ಸಂಪರ್ಕದ ಬಾಗಿಲುಗಳನ್ನು) ತೆರೆಯಬೇಕು. 5281 ಮರೆತರೆ ಬರಹದ ಸಂದೇಶ ಹೋಗುತ್ತದೆ, ಕೊಳೆರೋಗದ ಫೋಟೊ ಹೋಗುವುದಿಲ್ಲ.

ಘಟ್ಟದ ನೆಟ್‌ವರ್ಕಿಗೆ ಜೀವಾಳ ಪ್ರಾಸಡಿಯ 'ಸ್ಮ್ಯಾಕ್ಸ್' ಮಾಡ್ಯೂಲ್. ಸಿಗ್ನಲ್ ಕಡಿದರೂ ಸೆಷನ್ನನ್ನು ಡೀಫಾಲ್ಟಾಗಿ 600 ಸೆಕೆಂಡ್ ಹಿಡಿದಿಡುತ್ತದೆ, ತಲುಪದ ಸಂದೇಶವನ್ನು ಮರುಸಂಪರ್ಕದಲ್ಲಿ ಕೊಡುತ್ತದೆ. ಅದನ್ನೂ ಮೀರಿದರೆ ಸರ್ವರ್‌ನಲ್ಲೇ ಸಂದೇಶ ಉಳಿಸಿಡುವ 'ಮ್ಯಾಮ್' ದಾಖಲೆ ಇದೆ. ಗುಂಪಿಗೆ 'ಎಂಯುಸಿ ಮ್ಯಾಮ್' ಬೇರೆಯೇ ಹಾಕಬೇಕು. ದಾಖಲೆ ಡೀಫಾಲ್ಟಾಗಿ ಒಂದು ವಾರಕ್ಕೇ ಅಳಿಸಿಹೋಗುತ್ತದೆ, ಎರಡರಲ್ಲೂ ತಿಂಗಳಿಗೆ ಏರಿಸಿ. ಫೋನಿನ ಬ್ಯಾಟರಿ ಉಳಿತಾಯದಿಂದ ಆ್ಯಪನ್ನು ಹೊರಗಿಡಿ.

ಗುಂಪಿನಲ್ಲಿ ಒಮೆಮೊ (ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಗೂಢಲಿಪೀಕರಣ) ಬೀಗ ಕಾಣದಿದ್ದರೆ ಕೋಣೆಯ ಸೆಟ್ಟಿಂಗ್ ನೋಡಿ: ಸದಸ್ಯರಿಗೆ ಮಾತ್ರ ಪ್ರವೇಶ, ಪರಸ್ಪರ ವಿಳಾಸ ಕಾಣುವಂತಿರುವುದು, ಎರಡೂ ಬೇಕು. ಹೊಸ ಫೋನಿನಲ್ಲಿ ಹಳೆಯ ಬೀಗದ ಸಂದೇಶ ತೆರೆಯದು, ಇದನ್ನು ಮೊದಲೇ ಹೇಳಿಬಿಡಿ.

ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಉಚಿತ ಭದ್ರತಾ ಪ್ರಮಾಣಪತ್ರದ ಆಯುಸ್ಸು ಹೆಚ್ಚೆಂದರೆ 90 ದಿನ. ನವೀಕರಣವಾದಾಗ ಅದನ್ನು ಪ್ರಾಸಡಿಗೆ ದಾಟಿಸುವ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಇಲ್ಲದಿದ್ದರೆ ಎಲ್ಲರ ಸಂಪರ್ಕವೂ ಒಟ್ಟಿಗೇ ಕಡಿಯುತ್ತದೆ.