ಪರ್ತ್‌ಗೆ ಮಟ್ಟುಗುಳ್ಳದ ಬೀಜ ಒಯ್ಯಬಹುದಾ?

ಕಟಪಾಡಿಯ ತಮ್ಮ

ನಮಸ್ಕಾರ. ಅಕ್ಕ ಭಾವ ಪರ್ತ್‌ನಲ್ಲಿದ್ದಾರೆ. ಮುಂದಿನ ತಿಂಗಳು ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಮೊದಲ ಸಲ ಅಲ್ಲಿಗೆ ಹೊರಟಿದ್ದಾರೆ. ಅಕ್ಕನ ಮನೆ ಹಿಂದೆ ಒಳ್ಳೆ ಜಾಗ ಉಂಟಂತೆ. ಅದನ್ನು ಕೇಳಿದ್ದೇ ಅಮ್ಮ ಬೀಜ ಕಟ್ಟಲು ಶುರು ಮಾಡಿದ್ದಾರೆ. ಮಟ್ಟುಗುಳ್ಳ (ನಮ್ಮ ಮಟ್ಟು ಊರಿನ ಬದನೆ), ಸಾಂಬಾರ್ ಸೌತೆ, ಅಲಸಂಡೆ, ಕೆಂಪು ಹರಿವೆ, ಬಸಳೆ. ಸೌತೆ ಬೀಜ ಅಂಗಡಿಯದ್ದಲ್ಲ, ಅಜ್ಜಿಯ ಕಾಲದಿಂದ ಉಳಿಸಿಕೊಂಡು ಬಂದದ್ದು, ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಇಟ್ಟದ್ದು.

ಆಸ್ಟ್ರೇಲಿಯಾದಲ್ಲಿ ತುಂಬಾ ಸ್ಟ್ರಿಕ್ಟ್ ಅಂತ ಕೇಳಿದ್ದೇನೆ. ಆದರೆ ನಮ್ಮ ಪರಿಚಯದವರೊಬ್ಬರು ಹಪ್ಪಳದ ಡಬ್ಬದೊಳಗೆ ಹಾಕಿ ಒಯ್ದರಂತೆ, ಯಾರೂ ಕೇಳಲಿಲ್ಲವಂತೆ. ಒಟ್ಟು ಸೇರಿಸಿದರೆ ಒಂದು ಹಿಡಿ ಬೀಜ ಅಷ್ಟೇ. ಗೊತ್ತಿದ್ದವರು ಹೇಳಿ.

ಪರ್ತ್‌ನಲ್ಲೊಬ್ಬ ಕುಂದಾಪುರದವ

ಮೊದಲು ಆ ಹಪ್ಪಳದ ಡಬ್ಬದ ಕಥೆ ಮರೆತುಬಿಡಿ ಮಾರಾಯ್ರೇ. ಇಲ್ಲಿ ಇಳಿಯುವಾಗ ಒಂದು ಕಾರ್ಡ್ ತುಂಬಲಿಕ್ಕೆ ಉಂಟು. ಬೀಜ, ಗಿಡ, ತಿಂಡಿ ಇದೆಯಾ ಅಂತ ಅದರಲ್ಲೇ ಕೇಳುತ್ತಾರೆ. ಇದ್ದೂ ಇಲ್ಲ ಅಂತ ಟಿಕ್ ಮಾಡಿ ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ ಬೀಳಬಹುದು, ವಿಸಿಟರ್ ವೀಸಾ ಆದರೆ ಅದನ್ನೇ ರದ್ದು ಮಾಡಿ ವಾಪಸ್ ಕಳಿಸುವ ಅಧಿಕಾರವೂ ಅವರಿಗಿದೆ. 2019ರಲ್ಲಿ ಸಿಡ್ನಿಯಲ್ಲಿ ವಿಯೆಟ್ನಾಂನ ಒಬ್ಬ ಹೆಂಗಸನ್ನು ಹಾಗೇ ಕಳಿಸಿದ್ದರು, ಹಸಿ ಹಂದಿಮಾಂಸ ತಂದು ಹೇಳಿರಲಿಲ್ಲ ಅಂತ. ಎಕ್ಸ್‌ರೇ ಉಂಟು, ಮೂಸುವ ನಾಯಿ ಉಂಟು. ನಿಮ್ಮ ಅಪ್ಪ ಅಮ್ಮ ಮೊದಲ ಸಲ ಬರುವವರು, ಆ ಟೆನ್ಷನ್ ಅವರಿಗೆ ಬೇಕಾ?

ಡಿಕ್ಲೇರ್ ಮಾಡಿದರೆ ದಂಡ ಇಲ್ಲ. ಆಫೀಸರ್ ನೋಡುತ್ತಾರೆ, ಸರಿ ಇದ್ದರೆ ಬಿಡುತ್ತಾರೆ, ಇಲ್ಲದಿದ್ದರೆ ಅಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಹೆಚ್ಚೆಂದರೆ ಬೀಜ ಹೋಯಿತು, ಅಷ್ಟೇ.

ಈಗ ನಿಮ್ಮ ಪಟ್ಟಿ. ಅಲಸಂಡೆ, ಸೌತೆ ಎರಡೂ ಬೇಡವೇ ಬೇಡ. ಖಾಪ್ರಾ ಅಂತ ಒಂದು ದುಂಬಿ ಉಂಟು, ಮೂಲ ನಮ್ಮ ಭಾರತದ್ದೇ. ದಾಸ್ತಾನು ಮಾಡಿದ ಧಾನ್ಯ ತಿನ್ನುತ್ತದೆ, ಅದರ ಮರಿಹುಳ ಏನೂ ತಿನ್ನದೆ ವರ್ಷಗಟ್ಟಲೆ ಸಂದಿಯಲ್ಲಿ ಕೂತಿರಬಲ್ಲದು. ಇಲ್ಲಿ ಗೋಧಿ ರಫ್ತು ಎಷ್ಟು ದೊಡ್ಡದು ಅಂತ ಗೊತ್ತಲ್ಲ, ಆ ದುಂಬಿ ಇಲ್ಲಿ ನೆಲೆಯೂರಿದರೆ ಕೊಳ್ಳುವ ದೇಶಗಳು ಬಾಗಿಲು ಹಾಕುತ್ತವೆ. 2020ರಲ್ಲಿ ಕಂಟೇನರ್‌ಗಳಲ್ಲಿ, ಅಂಗಡಿಗೆ ಬಂದ ಫ್ರಿಜ್ಜಿನ ಪ್ಯಾಕಿಂಗ್‌ನಲ್ಲೆಲ್ಲ ಸಿಕ್ಕಿದ ಮೇಲೆ ಅಕ್ಕಿ, ಕಡಲೆ, ಹೆಸರು, ಅಲಸಂಡೆ, ಕೊತ್ತಂಬರಿ ಬೀಜ, ಸೌತೆ ಕುಂಬಳ ಜಾತಿಯ ಬೀಜ ಇವನ್ನೆಲ್ಲ ಪ್ರಯಾಣಿಕರ ಬ್ಯಾಗಿನಲ್ಲಿ, ಪೋಸ್ಟಿನಲ್ಲಿ ತರುವುದನ್ನೇ ನಿಲ್ಲಿಸಿದರು.

ಹರಿವೆಯದ್ದು ಬೇರೆ ತಾಪತ್ರಯ. ಪ್ಯಾಕೆಟ್ ಮೇಲೆ ಪೂರ್ತಿ ಸಸ್ಯಶಾಸ್ತ್ರದ ಹೆಸರು ಇರಬೇಕು, ಬರೀ ಅಮರಾಂಥಸ್ ಅಂದರೆ ಸಾಲದು, ಯಾಕೆಂದರೆ ಆ ಕುಟುಂಬದಲ್ಲಿ ಸೊಪ್ಪೂ ಇದೆ, ಗದ್ದೆ ಹಾಳು ಮಾಡುವ ಕಳೆಯೂ ಇದೆ. ಬಸಳೆ ಬೀಜ ಕೇಳಿ ನೋಡಬಹುದು, ಆದರೆ ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವ ಐಡಿಯಾ ಅಮ್ಮನಿಗೆ ಬಂದರೆ ಈಗಲೇ ತಡೆಯಿರಿ. ಕರಿಬೇವಿನ ಹಸಿ ಸೊಪ್ಪೂ ಬೇಡ.

ಗುಳ್ಳಕ್ಕೆ ಬಿಕಾನ್ ಅಂತ ಇಲ್ಲಿನ ಕೃಷಿ ಇಲಾಖೆಯ ವೆಬ್‌ಸೈಟ್ ಉಂಟು. ಅದರಲ್ಲಿ ಸೊಲಾನಮ್ ಮೆಲಾಂಜಿನಾ ಅಂತ ಹುಡುಕಿ, ಬಿತ್ತನೆಗೆ ಅನ್ನುವುದನ್ನು ಆರಿಸಿ. ಟೊಮೆಟೊ, ಮೆಣಸಿಗೆಲ್ಲ ವೈರಾಯ್ಡ್ (ವೈರಸ್‌ಗಿಂತಲೂ ಚಿಕ್ಕ ರೋಗಕಾರಕ) ಪರೀಕ್ಷೆ ಕೇಳುವವರು ಇವರು. ಷರತ್ತು ಆಗಾಗ ಬದಲಾಗುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಪರ್ತ್ ಇರುವ ವೆಸ್ಟರ್ನ್ ಆಸ್ಟ್ರೇಲಿಯಾ ರಾಜ್ಯಕ್ಕೆ ತನ್ನದೇ ಬೇರೆ ಪಟ್ಟಿ ಉಂಟು, ಎರಡರಲ್ಲೂ ಪಾಸಾಗಬೇಕು.

ಕಟಪಾಡಿಯ ತಮ್ಮ

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್ ಅಣ್ಣ. ಆದರೂ ಒಂದು ಮಾತು. ಸೌತೆ ಬೀಜವನ್ನು ಚೆನ್ನಾಗಿ ತೊಳೆದು ಒಣಗಿಸಿದರೆ? ನಾವು ತಲೆಮಾರಿನಿಂದ ತಿನ್ನುವ ಸೌತೆ ಅದು, ಅದರಲ್ಲಿ ಎಂಥ ರೋಗ? ಇಷ್ಟು ದೊಡ್ಡ ದೇಶ ಒಂದು ಹಿಡಿ ಬೀಜಕ್ಕೆ ಹೆದರುವುದು ನನಗೇನೋ ಜಾಸ್ತಿ ಆಯಿತು ಅನಿಸುತ್ತದೆ.

ಬೆಳ್ಮಣ್ ಗದ್ದೆಬದಿ

ಜಾಸ್ತಿ ಏನೂ ಅಲ್ಲ ತಮ್ಮ. ನಿನ್ನ ಮನೆ ತೆಂಗಿನ ಮರ ನೋಡು. ಗರಿಯ ಅಡಿಯಲ್ಲಿ ಬಿಳಿ ಸುರುಳಿ, ಮೇಲೆ ಮಸಿ ಬಳಿದ ಹಾಗೆ ಕಪ್ಪು, ಅಲ್ವಾ? ಆ ಬಿಳಿನೊಣ ಅಮೆರಿಕ ಖಂಡದ್ದು. 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡದ್ದು, ಆಮೇಲೆ ನಮ್ಮ ಕರಾವಳಿಗೆ ಬರಲಿಕ್ಕೆ ಎಷ್ಟು ದಿನ ಹಿಡಿಯಿತು? ಜೋಳದ ಸೈನಿಕ ಹುಳವೂ ಹೊರಗಿನದ್ದೇ, 2018ರಲ್ಲಿ ನಮ್ಮ ಶಿವಮೊಗ್ಗದಲ್ಲೇ ದೇಶದಲ್ಲಿ ಮೊದಲು ಸಿಕ್ಕಿದ್ದು. ಎರಡೂ ಬೀಜದಲ್ಲೇ ಬಂದವು ಅಂತ ನಾನು ಹೇಳುವುದಿಲ್ಲ. ಒಮ್ಮೆ ಬಂದದ್ದನ್ನು ವಾಪಸ್ ಕಳಿಸಲು ಆಗುವುದಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ. ಬೀಜದ ಜೊತೆ ಬಂದದ್ದು ಬೇಕಾದರೆ ಕಾಂಗ್ರೆಸ್ ಗಿಡ ಉಂಟಲ್ಲ, ಐವತ್ತರ ದಶಕದಲ್ಲಿ ಅಮೆರಿಕದ ಗೋಧಿ ಜೊತೆ ಬಂತು ಅನ್ನುತ್ತಾರೆ, ಈಗ ರಸ್ತೆ ಬದಿಯೆಲ್ಲ ಅದೇ.

ಸೌತೆ ತೊಳೆಯುವ ವಿಷಯ. ಸೆಗಣಿ ಹೋಗಬಹುದು, ವೈರಸ್ ಹೋಗುವುದಿಲ್ಲ. ಸೌತೆ ಜಾತಿಯ ಬೆಳೆಗೆ ಬರುವ ಒಂದು ಮೊಸಾಯಿಕ್ ವೈರಸ್ ಇದೆ, ಸಿಜಿಎಂಎಂವಿ ಅಂತ ಕರೆಯುತ್ತಾರೆ. ಬೀಜದಲ್ಲೇ ದಾಟುತ್ತದೆ, ಕೈಯಿಂದ, ಕತ್ತಿಯಿಂದಲೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲಿ ಅದು ಇದೆ. ತಿನ್ನುವವರಿಗೆ ಏನೂ ಆಗುವುದಿಲ್ಲ, ಅದಕ್ಕೇ ನಿಮ್ಮ ಅಜ್ಜಿಗೆ ಗೊತ್ತಾಗಲಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಕ್ಯಾಥರೀನ್ ಊರಿನ ಕಡೆ ಕಲ್ಲಂಗಡಿ ತೋಟಗಳಲ್ಲಿ ಕಾಣಿಸಿಕೊಂಡು ತೋಟಗಳನ್ನೇ ಕ್ವಾರಂಟೈನ್ ಮಾಡಬೇಕಾಯಿತು. ಆಮೇಲೆ ಹೊರಗಿನಿಂದ ಬರುವ ಸೌತೆ, ಕರಬೂಜ, ಕಲ್ಲಂಗಡಿ ಬೀಜಕ್ಕೆ ಪರೀಕ್ಷೆ ಕಡ್ಡಾಯ. ದೊಡ್ಡ ಲಾಟ್ ಆದರೆ 9400 ಬೀಜ ತೆಗೆದು ಪರೀಕ್ಷೆ ಮಾಡುತ್ತಾರೆ. ನಿಮ್ಮ ಗೋಡೆಯಲ್ಲಿ ಅಷ್ಟು ಬೀಜ ಉಂಟಾ?

ಪಣಂಬೂರು ಫೈಲು

ರಫ್ತು ಕೆಲಸದಲ್ಲಿ ಕೆಲವು ವರ್ಷ ಇದ್ದವ, ಎರಡು ಮಾತು. ಸಸ್ಯ ಆರೋಗ್ಯ ಪತ್ರ, ಅಂದರೆ ಫೈಟೊಸ್ಯಾನಿಟರಿ ಸರ್ಟಿಫಿಕೇಟ್ ಬೇಕು ಅಂತ ಬಿಕಾನ್ ಹೇಳಿದರೆ ಬೆಂಗಳೂರಿಗೆ ಓಡಬೇಡಿ, ಮಂಗಳೂರಿನಲ್ಲೇ ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಸ್ಟೇಷನ್ ಇದೆ. ಆದರೆ ಅವರು ಕೊಡುವುದು ಸರ್ಟಿಫಿಕೇಟ್ ಮಾತ್ರ, ಒಳಗೆ ಬಿಡುವುದು ಬಿಡದಿರುವುದು ಆ ದೇಶದವರ ಕೈಯಲ್ಲಿ. ಇದನ್ನು ತಿಳಿಯದೆ ಎಷ್ಟೋ ಜನ ಸರ್ಟಿಫಿಕೇಟ್ ಹಿಡಿದುಕೊಂಡು ಅಲ್ಲಿ ಜಗಳಕ್ಕೆ ನಿಲ್ಲುತ್ತಾರೆ.

ಇನ್ನೊಂದು, ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬರುವಾಗ ಅಕ್ಕ ಅಲ್ಲಿಯ ಹೂವಿನ ಬೀಜ ಕೊಟ್ಟು ಕಳಿಸಿದರೆ ಅದಕ್ಕೂ ಇಲ್ಲಿ ಕಾನೂನು ಉಂಟು. 1914ರ ಕಾಯ್ದೆ, ಅದರ ಅಡಿ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶ. ಬಿತ್ತನೆ ಬೀಜಕ್ಕೆ ಮೊದಲೇ ಆಮದು ಪರ್ಮಿಟ್ ಬೇಕು, ಆ ದೇಶದ ಸರ್ಟಿಫಿಕೇಟೂ ಬೇಕು. ನಾವು ಮಾತ್ರ ಆಸ್ಟ್ರೇಲಿಯಾದವರು ಸ್ಟ್ರಿಕ್ಟ್ ಅನ್ನುತ್ತೇವೆ, ಇಲ್ಲಿ ಆನ್‌ಲೈನ್‌ನಲ್ಲಿ ಹೊರದೇಶದ ಬೀಜ ತರಿಸಿ ಚಟ್ಟಿಗೆ ಹಾಕುತ್ತೇವೆ. 2020ರಲ್ಲಿ ಯಾರೂ ಕೇಳದ ಬೀಜದ ಪೊಟ್ಟಣ ಹಲವು ದೇಶಗಳಲ್ಲಿ ಜನರ ಮನೆಗೆ ಪೋಸ್ಟಿನಲ್ಲಿ ಬಂದಾಗ ನಮ್ಮ ಕೃಷಿ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತ್ತು.

ಪರ್ತ್‌ನಲ್ಲೊಬ್ಬ ಕುಂದಾಪುರದವ

ಗುಳ್ಳದ ಬಗ್ಗೆ ನನ್ನ ಸ್ವಂತ ಅಭಿಪ್ರಾಯ, ಬೇಜಾರು ಮಾಡಬೇಡಿ. ಬಿಟ್ಟರೂ ಇಲ್ಲಿ ಆ ರುಚಿ ಬರುವುದಿಲ್ಲ. ವಾದಿರಾಜರು ಕೊಟ್ಟ ಬೀಜ ಅನ್ನುವ ಕಥೆ ಇರಲಿ, 2011ರಲ್ಲಿ ಜಿಐ, ಅಂದರೆ ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿದ್ದೂ ಇರಲಿ, ಮಟ್ಟುವಿನ ಪಕ್ಕದ ಊರಲ್ಲಿ ಬೆಳೆದರೇ ನಮ್ಮವರು ಮೂಗು ಮುರಿಯುತ್ತಾರೆ, ಪರ್ತ್‌ನ ಹೊಯಿಗೆಯಲ್ಲಿ ಎಂಥ ಗುಳ್ಳ? ಅಲಸಂಡೆ, ಹರಿವೆ ಎರಡೂ ಇಲ್ಲಿಯ ಏಷ್ಯನ್ ತರಕಾರಿ ಬೀಜದವರಲ್ಲಿ ಸಿಗುತ್ತವೆ. ಬಸಳೆ ನಮ್ಮ ಮನೆಯಲ್ಲಿ ಉಂಟು, ಅಕ್ಕನಿಗೆ ಮೆಸೇಜ್ ಮಾಡಲು ಹೇಳಿ, ಕಡ್ಡಿ ಕೊಡುತ್ತೇನೆ.

ಕಟಪಾಡಿಯ ತಮ್ಮ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಸೌತೆ, ಅಲಸಂಡೆ ವಾಪಸ್ ಅಟ್ಟಕ್ಕೆ ಹೋಯಿತು. ಹರಿವೆ ಬಿಟ್ಟರು. ಗುಳ್ಳದ ಹತ್ತಿಪ್ಪತ್ತು ಬೀಜ ಹೊಸ ಕವರಿನಲ್ಲಿ ಹಾಕಿ ಮೇಲೆ ಹೆಸರು ಬರೆದಿದ್ದೇವೆ, ಬಿಕಾನ್ ನೋಡಿ ಆಗುವುದಿಲ್ಲ ಅಂತಿದ್ದರೆ ಅದನ್ನೂ ತೆಗೆಯುತ್ತೇನೆ. ಬಸಳೆ ವಿಷಯ ಕೇಳಿ ಅಮ್ಮನಿಗೆ ಭಾರಿ ಖುಷಿ, ಅಣ್ಣ ಕುಂದಾಪುರದಲ್ಲಿ ಯಾವ ಕಡೆಯವರು ಅಂತ ಕೇಳುತ್ತಿದ್ದಾರೆ.

ಒಂದು ಮಾತ್ರ ಉಳಿಯಿತು. ಅಮ್ಮನ ಬ್ಯಾಗಿನಲ್ಲಿ ಹಲಸಿನ ಹಪ್ಪಳ ಎರಡು ಕಟ್ಟು, ಮಾವಿನ ಮಿಡಿ ಉಪ್ಪಿನಕಾಯಿ ಒಂದು ಬಾಟಲಿ ಉಂಟು. ಅದನ್ನೂ ಕಾರ್ಡಿನಲ್ಲಿ ಬರೆಯಬೇಕಾ?

ಪರ್ತ್‌ನಲ್ಲೊಬ್ಬ ಕುಂದಾಪುರದವ

ಹೌದು, ತಿನ್ನುವ ವಸ್ತು ಯಾವುದೇ ಇರಲಿ, ಇದೆ ಅಂತಲೇ ಟಿಕ್ ಮಾಡಿ. ಕೋಡಿ ಕಡೆಯವ ಅಂತ ಅಮ್ಮನಿಗೆ ಹೇಳಿ.